ಐದು ಸೀಟು, ಒಂದು ಫ್ರಿಜ್ಜು

೧

ಎಲ್ಲಿಂದ ಶುರು ಮಾಡುವುದು? ವ್ಯಾನಿನಿಂದ ಶುರು ಮಾಡಿದರೆ ಭಾವನಿಗೆ ಖುಷಿ, ಯಾಕೆಂದರೆ ವ್ಯಾನು ಆರಿಸಿದ್ದು ಅವನು. ಅಪ್ಪನಿಂದ ಶುರು ಮಾಡಿದರೆ ಮನೆಯ ಮರ್ಯಾದೆ ಉಳಿಯುತ್ತದೆ. ಗೋಡೆಗೆ ಅಂಟಿಸಿದ ನಕ್ಷೆಯಿಂದ ಶುರು ಮಾಡಿದರೆ, ಓಹೋ ಇದೊಂದು ಪ್ರವಾಸ ಕಥನ ಅಂದುಕೊಂಡು ನೀವು ಆರಾಮಾಗಿ ಕಾಲು ಚಾಚುತ್ತೀರಿ. ಫ್ರಿಜ್ಜಿನಿಂದ ಶುರು ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಸರಿ, ಸಿಟ್ಟಿನಿಂದಲೇ ಶುರುವಾಗಲಿ. ಕಾಲು ಮಡಚಿಕೊಳ್ಳಿ.

ಒಂದು ಮನೆಯವರು ಆರು ದೇಶ ದಾಟಿ, ಕೊನೆಯ ದೇಶದ ಕೊನೆಯ ಸಮುದ್ರದವರೆಗೆ ವ್ಯಾನಿನಲ್ಲಿ ಹೋಗಲು ತಯಾರಿ ನಡೆಸಿದ್ದರು. ತಯಾರಿ ಪೂರ್ತಿ ಮಾಡಿದವಳು ಆ ಮನೆಯ ಕಿರಿಯ ಮಗಳು. ಹೊರಡುವ ಹೊತ್ತಿಗೆ ವ್ಯಾನಿನಲ್ಲಿ ಅವಳಿಗೆ ಜಾಗ ಇರಲಿಲ್ಲ. ಇದೇ ಕಥೆ. ಈಗಲೇ ಹೇಳಿಬಿಟ್ಟೆ. ಕೊನೆಯವರೆಗೆ ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಓಡಾಡುವ ತಾಳ್ಮೆ ನನಗಿಲ್ಲ.

(ಮೊದಲ ಡ್ರಾಫ್ಟು ಹೀಗಿತ್ತು: "ಎಳೆಬಿಸಿಲಿನಲ್ಲಿ ಬಿಳಿಯ ವ್ಯಾನೊಂದು ಅನಂತದ ಕಡೆಗೆ..." ಅನಂತವಂತೆ! ವ್ಯಾನು ಇನ್ನೂ ಮನೆ ಗೇಟು ದಾಟಿಲ್ಲ. ಹೊಡೆದುಹಾಕಿದೆ.)

೨

ಮೊದಲು ಜನ. ಹೆಚ್ಚಿಲ್ಲ, ಹೆದರಬೇಡಿ.

ಅಪ್ಪ ವಾಚ್ ರಿಪೇರಿ ಮಾಡುತ್ತಿದ್ದವರು. ಆಯುಷ್ಯವೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ತಿರುಗಿಸಿದವರು. ಈಗ ಅಂಗಡಿ ಮುಚ್ಚಿದ್ದಾರೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು; ಎಲ್ಲರಿಗೂ ಗೊತ್ತು ಅನ್ನುವುದು ಅಪ್ಪನಿಗೂ ಗೊತ್ತು; ಯಾರೂ ಬಾಯಿ ಬಿಡುವುದಿಲ್ಲ. ಅಪ್ಪ ಪೇಪರನ್ನು ಮೂಗಿಗೆ ತಾಗಿಸಿ ಓದಿದರೆ ಅಮ್ಮ, "ಈಗಿನ ಕಾಲದ ಅಕ್ಷರ ನೋಡಿ, ಇರುವೆ ಹರಿದ ಹಾಗಿದೆ" ಎಂದು ಪೇಪರಿನವರಿಗೆ ಬೈಯುತ್ತಾಳೆ.

ಅಣ್ಣ ಡ್ರೈವಿಂಗ್ ಸ್ಕೂಲು ನಡೆಸುತ್ತಾನೆ. ಸ್ಕೂಲಿಗೆ ಎರಡು ಬಿಳಿ ಕಾರು, ಹೆವಿ ಲೈಸೆನ್ಸಿನವರಿಗೆ ಕಲಿಸಲು ಒಂದು ಮುದಿ ಲಾರಿ. ಹಳೆಯ ಕಾರು ಅಪ್ಪ ಕೊಡಿಸಿದ್ದು. ಅದರ ನಂಬರನ್ನು ಅಪ್ಪ ಮಗುವಿನ ಹೆಸರು ಹೇಳುವ ಹಾಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಸ ಕಾರು ಅಣ್ಣನೇ ತಂದದ್ದು. ಅದರ ನಂಬರು ಅವರ ಬಾಯಲ್ಲಿ ಒಂದು ಸಲವೂ ಬಂದಿರಲಿಲ್ಲ.

ಅಕ್ಕ ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಭಾವ ಅಡುಗೆಮನೆ ಸಾಮಾನಿನ ಶೋರೂಮಿನಲ್ಲಿ ಮ್ಯಾನೇಜರು. (ಭಾವನಿಗೆ ಬಹುವಚನ ಕೊಡುತ್ತಿಲ್ಲ, ಗಮನಿಸಿದಿರಾ? ಗಮನಿಸಿ.)

ಇನ್ನು ಅವಳು. ಸಪ್ಪಳವಿಲ್ಲದೆ ಓಡಾಡುತ್ತಾಳೆ ಅಂತ ಚಿಕ್ಕಂದಿನಲ್ಲೇ ಅಣ್ಣ ಇಟ್ಟ ಹೆಸರು ಬೆಕ್ಕು. ಡಿಗ್ರಿ ಮುಗಿಸಿ, ಅಣ್ಣನ ಸ್ಕೂಲಿನ ಮುಂದಿನ ಕೋಣೆಯಲ್ಲಿ ಕೂತು ಕಲಿಯಲು ಬಂದವರಿಗೆ ರಸ್ತೆಯ ಚಿಹ್ನೆಗಳನ್ನು ವಿವರಿಸುತ್ತಾಳೆ. ಅದಕ್ಕೂ ಮುಂಚೆ ಹೊಸಬರನ್ನು ಗೇಟಿನ ಹತ್ತಿರ ನಿಲ್ಲಿಸಿ, ಮೈದಾನದ ಆ ಕಡೆ ನಿಂತ ಗಾಡಿಯ ನಂಬರು ಓದಿಸುತ್ತಾಳೆ. ಓದಲು ಬಾರದವರಿಗೆ ಕಣ್ಣಿನ ಡಾಕ್ಟರ ವಿಳಾಸ. ಈ ಕೆಲಸದಲ್ಲಿ ಅವಳು ಯಾರ ಮುಲಾಜೂ ನೋಡುವುದಿಲ್ಲ. ಉಳಿದಂತೆ ಅಂಗಡಿಯವನು ತಪ್ಪು ಚಿಲ್ಲರೆ ಕೊಟ್ಟರೂ ಮುಷ್ಟಿ ಮುಚ್ಚಿಕೊಂಡು ಮನೆಗೆ ಬರುವ ಹುಡುಗಿ.

೩

ಆ ಮನೆಯಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿತ್ತು. ಪ್ರತಿ ರಜಾದಿನ ಸಂಜೆ ಟೀ ಆದ ಮೇಲೆ ನಡುಮನೆಯ ಸೋಫಾ ಗೋಡೆಗೆ ಸರಿಸಿ, ಊಟದ ಕುರ್ಚಿಗಳನ್ನು ವ್ಯಾನಿನ ಸೀಟಿನ ಹಾಗೆ ಜೋಡಿಸುವುದು. ಮುಂದಿನ ಸಾಲಿನಲ್ಲಿ ಬಲಕ್ಕೆ ಅಣ್ಣ, ಕೈಯಲ್ಲಿ ಸ್ಟೀರಿಂಗಿಗೆ ಬದಲು ಊಟದ ತಟ್ಟೆ. ಎಡಕ್ಕೆ ಅಪ್ಪ. ಯಾವ ಗಾಡಿಯಾದರೂ ಮುಂದಿನ ಸೀಟು ಅಪ್ಪನದು. ಅದನ್ನು ಯಾರೂ ತೀರ್ಮಾನ ಮಾಡಿದ್ದಲ್ಲ, ಅಪ್ಪ ಮೊದಲು ಕೈ ತೊಳೆಯುವ ಹಾಗೆ ಅದೂ ಒಂದು. ಎರಡನೇ ಸಾಲಿನಲ್ಲಿ ಅಮ್ಮ, ಅಕ್ಕ, ಭಾವ. ಮೂರನೇ ಸಾಲು ಅವಳದು, ಬ್ಯಾಗುಗಳ ಜೊತೆ.

ಆದರೆ ನಡುಮನೆ ಚಿಕ್ಕದು. ಎರಡು ಸಾಲು ಹಾಕುವಷ್ಟರಲ್ಲಿ ಬೆನ್ನಿಗೆ ಗೋಡೆ ಬರುತ್ತಿತ್ತು.

"ನೀನು ಹೇಗೂ ನಿಂತ್ಕೊಂಡೇ ಹೇಳ್ಬೇಕಲ್ಲ," ಅಂದಳು ಅಮ್ಮ. "ನಿಂಗ್ಯಾಕೆ ಕುರ್ಚಿ?"

ನಿಜವೇ. ಅವಳು ನಕ್ಷೆಯ ಪಕ್ಕ ನಿಂತು ದಾರಿ ಹೇಳಬೇಕಿತ್ತು. ಎರಡನೇ ಗಡಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಅದಕ್ಕೆ ಹಿಂದಿನ ಊರಲ್ಲೇ ಮಲಗಬೇಕು. ನಾಲ್ಕನೇ ದೇಶದ ಬೆಟ್ಟದ ದಾರಿ ಹಿಮ ಬಿದ್ದರೆ ಬಂದ್. ಐದನೆಯದರಲ್ಲಿ ಪೊಲೀಸರು ಟೈರು ಮುಟ್ಟಿ ನೋಡುತ್ತಾರೆ. ಇದನ್ನೆಲ್ಲ ಅವಳು ತಿಳಿದದ್ದು ಹೇಗೆ? ನಾಲ್ಕು ಜನರೆದುರು ಹೆಸರು ಹೇಳಲು ನಾಚುವ ಹುಡುಗಿ ಎಂಬಸಿಗಳಿಗೆ ಫೋನು ಮಾಡಿದಳು. ಎಂದೂ ನೋಡದ ಊರಿನ ಗ್ಯಾರೇಜಿನವರಿಗೆ ಬರೆದು, ಈ ವ್ಯಾನಿನ ಕ್ಲಚ್ಚು ನಿಮ್ಮಲ್ಲಿ ಸಿಗುತ್ತದೆಯೇ ಅಂತ ಕೇಳಿದಳು. ಒಂದು ಎಂಬಸಿಯವಳು ಫೋನಿನಲ್ಲಿ ಬೈದಾಗ ಸ್ಕೂಲಿನ ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದು, ಮತ್ತೆ ಅವಳಿಗೇ ಫೋನು ಮಾಡಿದಳು. ಆರು ಜನರಿಗೂ ವೀಸಾ ತಂದಳು. ಹೌದು, ಆರು. ಅವಳದೂ ಸೇರಿ.

ಹೀಗೆ ಆರು ದೇಶ ದಾಟಿಸಿ, ಸಮುದ್ರ ಮುಟ್ಟಿಸಿ, ಅವರು ಕುರ್ಚಿಯಿಂದ ಎದ್ದು ಮೈ ಮುರಿಯುವಾಗ, "ಅಬ್ಬಾ, ಸುಸ್ತು!" ಅಂತ ನಗುತ್ತಿದ್ದರು. ನಿಂತೇ ಇದ್ದವಳು ಕುರ್ಚಿಗಳನ್ನು ಮತ್ತೆ ಊಟದ ಮೇಜಿಗೆ ಸೇರಿಸುತ್ತಿದ್ದಳು.

ತಪ್ಪು ಆದದ್ದು ಅಲ್ಲೇ. ಅಷ್ಟು ತಿಂಗಳು ಅವಳು ಕೂತದ್ದನ್ನು ಯಾರೂ ನೋಡಲೇ ಇಲ್ಲ. ನಿಂತವರಿಗೆ ಸೀಟು ಯಾಕೆ ಬೇಕು?

೪

ಈ ಭಾಗ ಸ್ವಲ್ಪ ಟೆಕ್ನಿಕಲ್ಲು. ಓದಿ. ಇಲ್ಲಿ ಹಾರಿಸಿ ಓದಿದರೆ ಮುಂದೆ ನಿಮಗೂ ಭಾವನಿಗೂ ವ್ಯತ್ಯಾಸ ಇರುವುದಿಲ್ಲ.

ಅವರ ದೇಶದಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ, ಸ್ಟೀರಿಂಗು ಬಲಕ್ಕಿರುತ್ತದೆ. ಮೂರನೇ ಗಡಿ ದಾಟಿದ ಮೇಲೆ ಎಲ್ಲ ಬಲಕ್ಕೆ ಓಡಬೇಕು. ಸ್ಟೀರಿಂಗು ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ಡ್ರೈವರು ರಸ್ತೆಯ ಅಂಚಿಗೆ ಬಿದ್ದ. ಮುಂದೆ ಒಂದು ಲಾರಿ ಇದ್ದರೆ ಅವನಿಗೆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಅಂತ ಕಾಣುವುದು ಎಡಗಡೆಯ ಸೀಟಿನವರಿಗೆ. ಅವರು ಕತ್ತು ಚಾಚಿ ನೋಡಿ ಹೇಳಿದರೆ ಮಾತ್ರ ಓವರ್‌ಟೇಕ್ ಮಾಡಬಹುದು.

ಇದನ್ನು ಮೊದಲು ಕಂಡುಕೊಂಡವಳು ಅವಳೇ. ಅಣ್ಣ, "ಅರೆ, ಹೌದಲ್ವೇ!" ಅಂದ. ಊರಾಚೆ ಹೊಸದಾಗಿ ಕಾಂಕ್ರೀಟು ಹಾಕಿ, ಇನ್ನೂ ಜನರಿಗೆ ಬಿಡದ ರಸ್ತೆಯೊಂದಿತ್ತು. ಕಂಟ್ರಾಕ್ಟರು ಅಣ್ಣನ ಹಳೆಯ ಶಿಷ್ಯ. ಬೇಲಿ ತೆಗೆದು ಒಳಗೆ ಬಿಟ್ಟ. ಮುಂದೆ ಸ್ಕೂಲಿನ ಮುದಿ ಲಾರಿ, ಹಿಂದೆ ವ್ಯಾನು, ರಸ್ತೆಯ ಬಲಕ್ಕೆ. ಎದುರಿನಿಂದ ಯಾರಾದರೂ ಶಿಷ್ಯ ಕಾರು ತರುತ್ತಿದ್ದ. ಎಡಗಡೆ ಸೀಟಿನಲ್ಲಿ ಅವಳು.

"ಎರಡೇ ಮಾತು," ಅಂದ ಅಣ್ಣ. "'ಹೋಗು', 'ಬೇಡ'. 'ಸ್ವಲ್ಪ ತಡಿ', 'ಬಹುಶಃ ಹೋಗಬಹುದೇನೋ', ಅಂಥವೆಲ್ಲ ನಿನ್ನ ಡೈರಿಗೆ. ಗೊತ್ತಾಯ್ತಾ?"

"ಹೂಂ."

"'ಹೂಂ' ಕೂಡ ಬೇಡ."

ಮೊದಲ ಸಲ ಅವಳು "ಹೋಗು" ಅಂದದ್ದು ಅವನಿಗೆ ಕೇಳಲೇ ಇಲ್ಲ. ಎರಡನೇ ಸಲ ಕೇಳಿತು. ಅಣ್ಣ ಹಿಂದೆ ಮುಂದೆ ನೋಡದೆ ಸ್ಟೀರಿಂಗು ತಿರುಗಿಸಿದ. ಅಷ್ಟು ದೊಡ್ಡ ವ್ಯಾನು ಅವಳ ಬಾಯಿಂದ ಬಿದ್ದ ಒಂದು ಮಾತಿಗೆ ಗೂಳಿಯ ಹಾಗೆ ನುಗ್ಗಿ ಲಾರಿಯನ್ನು ದಾಟಿತು. ಅವಳು ತನ್ನ ಬಾಯಿಗೆ ಕೈ ಇಟ್ಟುಕೊಂಡಳು.

ಅಷ್ಟೇ ನೋಡಿ. ಸಮುದ್ರ, ಹಿಮ, ಗಡಿ ಎಲ್ಲ ಆಮೇಲೆ. ಅವಳಿಗೆ ಬೇಕಾಗಿದ್ದು ಆ ಸೀಟು. ತನ್ನ ಮಾತಿಗೆ ಏನಾದರೊಂದು ಅಲ್ಲಾಡುವ ಜಾಗ ಭೂಮಿಯ ಮೇಲೆ ಒಂದಿದೆ ಅಂತ ಅವಳಿಗೆ ಆ ದಿನ ಗೊತ್ತಾಯಿತು.

"ಅಣ್ಣ, ಮೂರನೇ ಗಡಿ ಆದ್ಮೇಲೆ ಅಪ್ಪನ್ನ ಹಿಂದೆ ಕೂರಿಸ್ಬೇಕಾಗುತ್ತೆ," ಅಂದಳು ವಾಪಸ್ ಬರುವಾಗ.

"ನೋಡೋಣ," ಅಂದ ಅಣ್ಣ.

(ಆ ಮನೆಯಲ್ಲಿ "ನೋಡೋಣ" ಅಂದರೆ "ಇಲ್ಲ" ಅಂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರೆಲ್ಲ "ನೋಡೋಣ" ಅನ್ನುತ್ತಾರೆ. ಅವಳನ್ನು ಕಾಲೇಜಿನ ಟೂರಿಗೆ ಕಳಿಸುವ ಬಗ್ಗೆಯೂ ನೋಡಿದ್ದರು. ಹಾಸ್ಟೆಲಿನ ಬಗ್ಗೆಯೂ ನೋಡಿದ್ದರು. ನೋಡೀ ನೋಡೀ ಆ ಮನೆಯವರ ಕಣ್ಣಿಗೆಲ್ಲ ಪೊರೆ ಬಂದಿತ್ತು.)

೫

ಫ್ರಿಜ್ಜು.

ಒಂದು ಸಂಜೆ ಅವಳು ಕೆಲಸದಿಂದ ಬಂದಾಗ ಮೆಟ್ಟಿಲ ಪಕ್ಕ ವ್ಯಾನಿನ ಮೂರನೇ ಸಾಲಿನ ಸೀಟು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಅಮ್ಮ ಒದ್ದೆ ಟವೆಲು ಹರವಿದ್ದಳು. ವ್ಯಾನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಭಾವ ಮೊಣಕಾಲೂರಿ ಸ್ಕ್ರೂ ತಿರುಗಿಸುತ್ತಿದ್ದ. ಅವನ ಮುಂದೆ ಮೊಣಕಾಲೆತ್ತರದ, ನೀಲಿ ಬಣ್ಣದ, ಗಾಡಿಯ ಬ್ಯಾಟರಿಯಿಂದ ಓಡುವ ಫ್ರಿಜ್ಜು. ಪಕ್ಕದಲ್ಲಿ ಮಡಚುವ ಒಲೆ.

"ಬಂದ್ಯಾ ಬೆಕ್ಕು, ನೋಡು ಹೇಗಿದೆ!" ಅಂದ ಭಾವ. "ಶೋರೂಮಿಂದ ತಂದೆ. ಎಂಥಾ ಬಿಸಿಲಲ್ಲೂ ಹಾಲು ಕೆಡಲ್ಲ."

ಅವಳು ಒಳಗೆ ಹೋದಳು. ಅಪ್ಪ, ಅಮ್ಮ, ಅಕ್ಕ, ಅಣ್ಣ ಟೀ ಕುಡಿಯುತ್ತಿದ್ದರು.

"ನನ್ನ ಸೀಟು?" ಅಂದಳು.

ಯಾರಿಗೂ ಕೇಳಿಸಲಿಲ್ಲ. ಕೇಳಿಸದ ಹಾಗೆ ಹೇಳಿದ್ದಳು. ಮತ್ತೆ ಹೇಳಿದಳು.

"ಅದಾ?" ಅಕ್ಕ ಲೋಟ ಕೆಳಗಿಟ್ಟಳು. "ನಿನ್ಹತ್ರ ಮಾತಾಡ್ಬೇಕು ಅಂತಾನೇ ಇದ್ವಿ ಕಣೆ. ಮನೇಲಿ ಯಾರಾದ್ರೂ ಒಬ್ರು ಇರ್ಲೇಬೇಕು ತಾನೆ? ಗಡೀಲಿ ಏನಾದ್ರೂ ತೊಂದ್ರೆ ಆದ್ರೆ ನಾವು ಫೋನ್ ಮಾಡೋದು ಯಾರಿಗೆ? ನಿಂಗೆ ಬಿಟ್ರೆ ಯಾರಿಗೆ ಗೊತ್ತು ಇದೆಲ್ಲ?"

"ನಿನ್ನ ಮೇಲೆ ಅಷ್ಟು ನಂಬಿಕೆ ನಮಗೆ," ಅಂದಳು ಅಮ್ಮ.

"ಫ್ರಿಜ್ ಇಲ್ದೆ ಅಪ್ಪನ ಔಷಧಿ ಇಡೋಕಾಗಲ್ಲ," ಅಂದ ಅಣ್ಣ, ಲೋಟದೊಳಗೆ ನೋಡುತ್ತ. ಅಪ್ಪನಿಗಿದ್ದ ಔಷಧಿ ಅಂದರೆ ಕೆಮ್ಮಿನ ಸಿರಪ್ಪು.

"ಆದ್ರೆ ಓವರ್‌ಟೇಕ್..." ಅಂದಳು.

"ನಾನಿದ್ದೀನಲ್ಲ ಮುಂದೆ," ಅಂದರು ಅಪ್ಪ. "ನಂಗೆ ಕಣ್ಣಿಲ್ವಾ?"

ಎಲ್ಲರೂ ಒಟ್ಟಿಗೆ ಟೀ ಲೋಟ ಎತ್ತಿದರು. ಆಗ ಭಾವ ಕೈ ಒರೆಸಿಕೊಂಡು ಒಳಗೆ ಬಂದು, "ಅಯ್ಯೋ, ದೂರ ಹೊರಡೋವಾಗ ಬೆಕ್ಕು ಅಡ್ಡ ಬರಬಾರದಪ್ಪ!" ಅಂದ. ಎಲ್ಲರೂ ನಕ್ಕರು, ಬಚಾವಾದವರ ಹಾಗೆ. ಅವಳೂ ನಕ್ಕಳು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ಅವಳ ಕೈಯಲ್ಲೇ ಉಳಿಯಿತು. ಮೊಸರು ಭಾವನ ಫ್ರಿಜ್ಜಿಗೆ ಹೋಯಿತು.

೫ (ಮತ್ತೆ)

ಇಲ್ಲಿ ಕಥೆ ನಿಂತುಹೋಯಿತು. ಅವಳೇ ನಿಲ್ಲಿಸಿದಳು.

"ನಾನು ನಕ್ಕೆ ಅಂತ ಯಾಕೆ ಬರೆದೆ?"

"ನಕ್ಕೆಯಲ್ಲವೇ?"

"ನಕ್ಕೆ. ಆದ್ರೆ ಅದನ್ನ ಬರೆದ್ರೆ ಓದೋರು, ಪಾಪ, ಎಷ್ಟು ಒಳ್ಳೇ ಹುಡುಗಿ ಅಂತಾರೆ. ನಾನು ಒಳ್ಳೇ ಹುಡುಗಿ ಅಲ್ಲ. ನಂಗೆ ಆ ಫ್ರಿಜ್ಜನ್ನ ಎತ್ತಿ ಚರಂಡಿಗೆ ಹಾಕ್ಬೇಕು ಅನ್ನಿಸಿತ್ತು."

"ಹಾಕಲಿಲ್ಲವಲ್ಲ."

"ನೀನು ಹಾಕಿಸ್ಬಹುದಿತ್ತು!"

ಮಾತಿಗೆ ಮಾತು ಬೆಳೆಯಿತು. ಸಮಾಧಾನಕ್ಕೆ ನಾನು ಅವಳ ಮುಂದೆ ಕೆಲವು ಮುಕ್ತಾಯಗಳನ್ನು ಇಟ್ಟೆ, ಬಟ್ಟೆ ಅಂಗಡಿಯವನು ಒಂದಾದ ಮೇಲೆ ಒಂದು ಬಿಡಿಸಿ ತೋರಿಸುವ ಹಾಗೆ.

ಮೊದಲನೆಯದು: ಹೊರಡುವ ಬೆಳಿಗ್ಗೆ ಅಪ್ಪ ತಾವಾಗಿಯೇ ಮುಂದಿನ ಸೀಟಿನಿಂದ ಇಳಿದು, "ಕೂತ್ಕೋ ಮಗಳೇ, ನನಗೆ ಕಣ್ಣು ಕಾಣಲ್ಲ" ಅಂದು ಕಣ್ಣೀರು ಹಾಕುತ್ತಾರೆ.

"ಬೇಡ. ಅಪ್ಪ ಅತ್ರೆ ನಾನು ಕ್ಷಮಿಸ್ಬೇಕಾಗುತ್ತೆ. ಅವರನ್ನ ಅಳಿಸಿ ನನ್ನ ಬಾಯಿ ಮುಚ್ಚಿಸ್ಬೇಡ."

ಎರಡನೆಯದು: ಅವಳು ಬೇಕೆಂದೇ ತಪ್ಪು ದಾರಿ ಕೊಡುತ್ತಾಳೆ. ಅವರು ಮರಳುಗಾಡಿನಲ್ಲಿ ಫ್ರಿಜ್ಜಿನ ಸುತ್ತ ಕೂತು ಕೆಡದ ಹಾಲು ಕುಡಿಯುತ್ತಾರೆ.

ಇದಕ್ಕೆ ಸ್ವಲ್ಪ ಹೊತ್ತು ಆಸೆಪಟ್ಟಳು. ಆಮೇಲೆ ಅಂದಳು: "ಆ ದಾರಿ ನಾನು ಮಾಡಿದ್ದು ಕಣೆ. ಇವರ ಮೇಲಿನ ಸಿಟ್ಟಿಗೆ ನನ್ನ ಕೆಲಸ ನಾನೇ ಕೆಡಿಸ್ಲಾ?"

ಮೂರನೆಯದು: ಅಪಘಾತ. ಎಲ್ಲರೂ...

"ಥೂ," ಅಂದಳು. "ಮುಂದೆ ಏನು ಬರೀಬೇಕು ಅಂತ ಗೊತ್ತಾಗ್ದೇ ಇದ್ದಾಗ ಬರೆಯೋರು ಒತ್ತೋ ಬ್ರೇಕು ಅದು. ಅಮ್ಮ ಇದ್ದಾಳೆ ಆ ಗಾಡೀಲಿ."

ನನಗೆ ನಾಚಿಕೆಯಾಯಿತು. ಹೊಡೆದುಹಾಕಿದೆ. ಹಾಗಾದರೆ ಏನು ಬೇಕು ಅಂತ ಕೇಳಿದೆ.

"ಏನಾಯ್ತೋ ಅದನ್ನ ಬರಿ. ಆದ್ರೆ ನನ್ನನ್ನ ತಣ್ಣಗೆ ಮಾಡ್ಬೇಡ. ತಣ್ಣಗಿರೋಕೆ ಅಲ್ಲಿ ಈಗಾಗ್ಲೇ ಒಂದಿದೆ."

೬

ಹೊರಡುವ ಮುಂಚಿನ ಭಾನುವಾರ, ಮನೆಯವರೆಲ್ಲ ಸೇರಿ ಒಂದು ಕೊನೆಯ ಪ್ರಾಕ್ಟೀಸು ಅಂತಾಯಿತು. ಅದೇ ಕಾಂಕ್ರೀಟು ರಸ್ತೆ. ಶಿಷ್ಯನೊಬ್ಬ ಓಡಿಸುವ ಲಾರಿ ಮುಂದೆ ಹೋಗುವುದು, ಎದುರಿನಿಂದ ಭಾವ ಸ್ಕೂಲಿನ ಕಾರು ತರುವುದು, ಅಪ್ಪ ನೋಡಿ ಹೇಳುವುದು. ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಭಾವ ಫೋನು ಮಾಡಿ, ಹಳೆಯ ಕಾರಿನ ಟೈರು ಪಂಕ್ಚರು, ಹೊಸದನ್ನೇ ತರುತ್ತೇನೆ ಅಂದಿದ್ದ. ಅಣ್ಣ ಸರಿ ಅಂದ. ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯವೇನೂ ಆಗಿರಲಿಲ್ಲ.

ಭಾವನ ಸೀಟು ಖಾಲಿ ಇತ್ತಲ್ಲ, ಅಪ್ಪನ ಬೆನ್ನ ಹಿಂದಿನ ಕಿಟಕಿ ಪಕ್ಕದ್ದು. "ಅವರು ಬರೋವರೆಗೂ ನೀನು ಅಲ್ಲಿ ಕೂತಿರು," ಅಂದಳು ಅಕ್ಕ, ಬಸ್ಸಿನಲ್ಲಿ ಕರ್ಚೀಫು ಹಾಕಿಟ್ಟವರ ಧಾಟಿಯಲ್ಲಿ. ಅವಳು ಕೂತಳು.

ಬಿಸಿಲು. ಹೊಸ ಕಾಂಕ್ರೀಟು ಕಣ್ಣಿಗೆ ಹೊಡೆಯುವಷ್ಟು ಬಿಳಿ. ವ್ಯಾನು ಬಲಕ್ಕೆ ಅಂಟಿಕೊಂಡು ಲಾರಿಯ ಬೆನ್ನು ಹಿಡಿಯಿತು. ಲಾರಿಯ ಹೊಗೆ ಒಳಗೆ ಬಂದು ಅಮ್ಮ ಮೂಗಿಗೆ ಸೆರಗು ಹಿಡಿದಳು.

"ಅಪ್ಪ, ನೋಡಿ ಹೇಳಿ. ಹೋಗ್ಲಾ?" ಅಂದ ಅಣ್ಣ.

ಅಪ್ಪ ಗತ್ತಿನಿಂದ ಕತ್ತು ಹೊರಗೆ ಹಾಕಿದರು. ಅವರ ಹಿಂದಿನ ಕಿಟಕಿಯಿಂದ ಅವಳೂ ಕತ್ತು ಹಾಕಿದಳು. ಬಿಳಿ ರಸ್ತೆಯ ಮೇಲೆ ಬಿಳಿ ಕಾರು, ಹೆಡ್‌ಲೈಟು ಕೂಡ ಹಾಕಿಕೊಂಡು, ನೇರ ಬರುತ್ತಿತ್ತು. ಭಾವನ ಕೂಲಿಂಗ್ ಗ್ಲಾಸು ಹೊಳೆಯುವುದೂ ಅವಳಿಗೆ ಕಂಡಿತು.

"ಹೋಗು," ಅಂದರು ಅಪ್ಪ.

ಅಣ್ಣ ಸ್ಟೀರಿಂಗು ತಿರುಗಿಸಿದ. ವ್ಯಾನಿನ ಮೂತಿ ಲಾರಿಯ ನೆರಳಿನಿಂದ ಹೊರಗೆ ಬಂತು.

"ಬೇಡ!"

ಅಷ್ಟು ದೊಡ್ಡ ದನಿ ಯಾರದು ಅಂತ ಅಮ್ಮ ಹಿಂದಕ್ಕೆ ತಿರುಗಿ ಫ್ರಿಜ್ಜಿನ ಕಡೆ ನೋಡಿದಳಂತೆ. ಅಣ್ಣನ ಕೈಕಾಲಿಗೆ ಮಾತ್ರ ಗೊತ್ತಿತ್ತು. ತಲೆ ಯೋಚಿಸುವ ಮುಂಚೆ ಕಾಲು ಬ್ರೇಕಿನ ಮೇಲಿತ್ತು, ಕೈ ಬಲಕ್ಕೆಳೆದಿತ್ತು. ಭಾವನ ಕಾರು ಹಾರ್ನು ಹೊಡೆಯುತ್ತ, ಕಿಟಕಿ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಯಿತು. ಹಿಂದೆ ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದು ಮುಚ್ಚಿಕೊಂಡಿತು. ಮುದಿ ಲಾರಿ ಏನೂ ಗೊತ್ತಿಲ್ಲದೆ ಮುಂದೆ ಮುಂದೆ ಹೋಗುತ್ತಿತ್ತು.

ವ್ಯಾನು ನಿಂತಿತು.

ಮೊದಲು ಮಾತಾಡಿದವರು ಅಪ್ಪ. "ಹಾಗೆ ಕಿರುಚೋದಾ? ನಾನು ನೋಡ್ತಿರ್ಲಿಲ್ವಾ?"

"ಹಿಂದಿಂದ ಹೀಗೆ ಕೂಗಿದ್ರೆ ಓಡಿಸೋರ ಕೈ ನಡುಗುತ್ತೆ ಕಣೆ," ಅಂದಳು ಅಮ್ಮ.

ಭಾವ ಕಾರು ತಿರುಗಿಸಿ ತಂದು, ದೂರದಲ್ಲೇ ಹಿಂದೆ ನಿಲ್ಲಿಸಿ, ಓಡುತ್ತ ಬಂದ. ಕೂಲಿಂಗ್ ಗ್ಲಾಸು ಒಂದು ಕಿವಿಯಿಂದ ನೇತಾಡುತ್ತಿತ್ತು. "ಯಾರು ಹೋಗು ಅಂದಿದ್ದು? ಯಾರು ಅಂದಿದ್ದು ಹೋಗು ಅಂತ?"

ಅಣ್ಣ ಅಪ್ಪನ ಮುಖ ನೋಡಿದ. ಆಮೇಲೆ ಅವಳ ಮುಖ ನೋಡಿದ. ಆಮೇಲೆ ಸ್ಟೀರಿಂಗು ನೋಡಿಕೊಂಡು ಹೇಳಿದ:

"ಏನಿಲ್ಲ ಭಾವ. ಬೆಕ್ಕು ಸ್ವಲ್ಪ ಗಾಬರಿ ಮಾಡಿದ್ಲು."

(ಇದನ್ನು ಬರೆದು ನಾನು ಎದ್ದು ಹೋಗಿ ನೀರು ಕುಡಿದು ಬಂದೆ. ಅಪ್ಪನದು ಪೊರೆ, ಆಪರೇಷನ್ ಇದೆ. ಅಣ್ಣನಿಗೆ ಎರಡೂ ಕಣ್ಣು ನೆಟ್ಟಗಿದೆ. ಅವಳ ಒಂದು ಮಾತಿನಿಂದ ಬದುಕಿದವನು, ಆ ಮಾತನ್ನೇ ಅವಳ ತಪ್ಪು ಮಾಡಿ, ಅಪ್ಪನ ಮರ್ಯಾದೆಗೆ ಹೊದಿಸಿದ. ದೊಡ್ಡವರ ಮರ್ಯಾದೆ ಅನ್ನುವುದು ಎಂಥ ಕಂಬಳಿ ಅಂದರೆ, ಅದನ್ನು ನೇಯುವುದಕ್ಕೆ ಪ್ರತಿ ಸಲವೂ ಚಿಕ್ಕವರ ಕೂದಲೇ ಬೇಕು.)

೭

ಎಲ್ಲರೂ ಇಳಿದರು. ಅಕ್ಕ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಅಪ್ಪ ಕೈ ಹಿಂದೆ ಕಟ್ಟಿ ಶತಪಥ ಹಾಕುತ್ತಿದ್ದರು. ಅವಳು ಸಪ್ಪಳವಿಲ್ಲದೆ ಇಳಿದಳು. ಸಪ್ಪಳವಿಲ್ಲದೆ ನಾಲ್ಕು ಹೆಜ್ಜೆ ಇಟ್ಟಳು. ಎಡಗಡೆಯ ಮುಂಬಾಗಿಲು ತೆರೆದು, ಹತ್ತಿ, ಕೂತು, ಬಾಗಿಲನ್ನು ದಢಾರನೆ ಹಾಕಿಕೊಂಡಳು. ಇದಕ್ಕೆ ಮಾತ್ರ ಸಪ್ಪಳವಿತ್ತು. ಬೆಲ್ಟು ಎಳೆದು ಸಿಕ್ಕಿಸಿಕೊಂಡಳು.

ಅಪ್ಪ ಕಿಟಕಿಯ ಹತ್ತಿರ ಬಂದರು. "ಏನಿದು? ಏಳು."

"ಏಳಲ್ಲ."

"ಅದು ನನ್ನ ಜಾಗ ಕಣೆ."

"ಗೊತ್ತು."

"ಅಮ್ಮಾ ತಾಯಿ, ನಾಟಕ ಬೇಡ," ಅಂದಳು ಅಕ್ಕ. "ಟೀ ಕುಡಿ ಬಾ."

ಅವಳು ಅಕ್ಕನ ಕಡೆ ತಿರುಗಲೇ ಇಲ್ಲ. ಸ್ಕೂಲಿನ ಗೇಟಿನಲ್ಲಿ ಹೊಸಬರ ಹತ್ತಿರ ಮಾತಾಡುವ ದನಿಯಲ್ಲಿ, ಯಾವ ಮುಲಾಜೂ ಇಲ್ಲದ ಆ ಸಣ್ಣ ಸಪಾಟು ದನಿಯಲ್ಲಿ ಕೇಳಿದಳು:

"ಅಪ್ಪ, ಅಲ್ಲಿ ನಿಂತಿದೆಯಲ್ಲ, ಆ ಕಾರಿನ ನಂಬರು ಓದಿ."

ಅಣ್ಣ, "ಏಯ್!" ಅಂದ. ಅವನಿಗೆ ಆ ಪರೀಕ್ಷೆ ಗೊತ್ತಿತ್ತು.

ಅಪ್ಪ ಕಾರಿನ ಕಡೆ ತಿರುಗಿದರು. ಕಣ್ಣು ಕಿರಿದು ಮಾಡಿದರು. ಅವರ ಮುಖ ಒಮ್ಮೆಲೇ ಗೆಲುವಾಯಿತು. "ಇಷ್ಟೇನಾ?" ಅಂದು ಗಂಟಲು ಸರಿಮಾಡಿಕೊಂಡು, ಒಂದೂ ಅಂಕಿ ತಡವರಿಸದೆ, ಶಾಲೆಯ ಹುಡುಗನ ಹಾಗೆ ಪಟಪಟನೆ ನಂಬರು ಹೇಳಿದರು.

ಹಳೆಯ ಕಾರಿನ ನಂಬರು.

ಅಕ್ಕನ ಕೈಯಲ್ಲಿ ಫ್ಲಾಸ್ಕು ಬಗ್ಗಿಯೇ ಇತ್ತು. ಲೋಟ ತುಂಬಿ ಟೀ ಕಾಂಕ್ರೀಟಿನ ಮೇಲೆ ಹರಿಯಿತು. ಭಾವ ತನ್ನ ಕೈಯಲ್ಲಿದ್ದ ಹೊಸ ಕಾರಿನ ಕೀಲಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಸರಿಯಾಗೇ ಹೇಳಿದ್ರಲ್ಲ," ಅಂದಳು ಅಮ್ಮ, ನೆಲ ನೋಡುತ್ತ.

"ಹೂಂ, ಸರಿಯಾಗಿದೆ," ಅಂದ ಅಣ್ಣ.

ಅಪ್ಪ ಗೆದ್ದವರ ಹಾಗೆ ಅವಳ ಕಡೆ ನೋಡಿದರು. "ಈಗ ಏಳ್ತೀಯಾ?"

ಅವಳಿಗೆ ನಿಜ ಹೇಳುವುದು ಕಷ್ಟವಿರಲಿಲ್ಲ. ಎರಡು ಮಾತು ಸಾಕಿತ್ತು. ಅಪ್ಪನ ನಗುಮುಖ ಕಿಟಕಿಯಲ್ಲಿ ಒಂದು ಗೇಣು ದೂರದಲ್ಲಿತ್ತು. ಅಷ್ಟು ಹತ್ತಿರದ್ದು ಅವರಿಗೆ ಚೆನ್ನಾಗಿ ಕಾಣುತ್ತದೆ. ಅವಳ ಕಣ್ಣಲ್ಲಿ ತುಂಬುತ್ತಿದ್ದ ನೀರು ಅವರಿಗೆ ಕಂಡಿರಬೇಕು. ಆ ನಗು ಮೆಲ್ಲಗೆ ಅಂಚಿನಿಂದ ಮುದುಡತೊಡಗಿತು.

"ಇಲ್ಲ," ಅಂದಳು. "ಏಳಲ್ಲ."

ಸಾವಿನ ಬಾಯಿಂದ ಬಂದವನು ಭಾವ ತಾನೆ? ಅವನೇ ಗಂಟಲು ಕೆರೆದುಕೊಂಡ. "ಮಾವ, ಬೆಕ್ಕು ಅಲ್ಲೇ ಕೂತ್ಕೊಳ್ಳಲಿ ಬಿಡಿ. ನೀವು ಮಧ್ಯದಲ್ಲಿ ಅತ್ತೆ ಜೊತೆ, ಆರಾಮಾಗಿ..." ಅಷ್ಟು ಹೇಳಿ ನಿಲ್ಲಿಸಿದ. ಮಧ್ಯದ ಸಾಲಿನಲ್ಲಿ ಅತ್ತೆ, ಮಾವ, ಹೆಂಡತಿ ಕೂತ ಮೇಲೆ ತಾನೆಲ್ಲಿ ಅಂತ ಅವನಿಗೆ ಹೊಳೆದಿತ್ತು.

ಎಲ್ಲರೂ ಒಟ್ಟಿಗೆ ಫ್ರಿಜ್ಜಿನ ಕಡೆ ನೋಡಿದರು.

"ಅದು... ಸ್ಕ್ರೂ ಹಾಕಿ ಆಯ್ತಲ್ಲ," ಅಂದ ಭಾವ.

೮

ಈಗ ಮುಗಿಸಬೇಕು. ನಿಯಮದ ಪ್ರಕಾರ ಇಲ್ಲಿ ಯಾರಾದರೂ ಬದಲಾಗಬೇಕು. ಅಣ್ಣನನ್ನು ಬದಲಾಯಿಸಲು ನೋಡಿದೆ: "ಆಗ ಅಣ್ಣ ಸ್ಕ್ರೂಡ್ರೈವರು ಕೈಗೆತ್ತಿಕೊಂಡ" ಅಂತ ಬರೆದೆ. ಅವನು ಎತ್ತಿಕೊಳ್ಳಲಿಲ್ಲ. "ನೋಡೋಣ" ಅಂದ. ಅಮ್ಮ ಕಿಟಕಿಯೊಳಗೆ ಕೈ ಹಾಕಿ ಮಗಳ ಕೆನ್ನೆ ಸವರುತ್ತಾಳೆ ಅಂತ ಬರೆದೆ. ಅವಳ ಕೈ ಅರ್ಧ ದಾರಿಗೆ ಬಂದು, ಅಪ್ಪನ ಮುಖ ನೋ‌ಡಿ, ಸೆರಗು ಸರಿಮಾಡಿಕೊಂಡಿತು. ಅಪ್ಪ ಮಾತ್ರ ನಾನು ಹೇಳದೆಯೇ ಒಂದು ಕೆಲಸ ಮಾಡಿದರು. ಮತ್ತೊಮ್ಮೆ ಆ ಕಾರಿನ ಕಡೆ ತಿರುಗಿ ನಿಂತು, ಬಹಳ ಹೊತ್ತು ನೋಡಿದರು. ಏನು ಕಂಡಿತೋ ಹೇಳಲಿಲ್ಲ.

ಬಿಸಿಲು ಏರುತ್ತಿದೆ. ಅವಳು ಕೂತೇ ಇದ್ದಾಳೆ. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ.

ನಾನೂ ಕಿಟಕಿಯ ಹತ್ತಿರ ಹೋದೆ. "ನೋಡು, ಹಾಳೆಯಲ್ಲಿ ಜಾಗ ಮುಗೀತಾ ಬಂತು. ಒಂಚೂರು ಎದ್ದರೆ ಕಥೆ ಮುಗಿಸುತ್ತೇನೆ. ಬೇಕಾದರೆ ಆಮೇಲೆ ಮತ್ತೆ ಕೂತುಕೋ."

"ಟೀ ಮುಗೀಬೇಕು, ನೀನು ಏಳು. ಪ್ರಾಕ್ಟೀಸ್ ಮುಗೀಬೇಕು, ನೀನು ಏಳು. ಈಗ ಕಥೆ ಮುಗೀಬೇಕು, ಅದಕ್ಕೂ ನಾನೇ ಏಳ್ಬೇಕಾ?"

ನಿಜ ಹೇಳಬೇಕೆಂದರೆ, ನಾನು ಕೂತಿರುವ ಜಾಗದಿಂದ ನನಗೆ ಮುಂದಿನದು ಕಾಣುವುದಿಲ್ಲ. ಕಥೆ ಬರೆಯುವವಳು ಯಾವಾಗಲೂ ರಸ್ತೆಯ ಅಂಚಿಗೆ ಬಿದ್ದವಳು. ಎದುರಿಗೆ ಇವರೆಲ್ಲರ ಬೆನ್ನು, ಒಂದು ಲಾರಿಯಷ್ಟು ಅಗಲ. ಇವರನ್ನು ದಾಟಿ, ಕೊನೆಯ ಸಾಲು ಮುಟ್ಟಿ, ಪೆನ್ನು ಮುಚ್ಚಿ ನೆಮ್ಮದಿಯಾಗಿ ಮಲಗಬೇಕು ಅಂತ ನನಗೂ ಆಸೆ. ನಿಮಗೂ ಇರಬೇಕು. ಎದುರಿನಿಂದ ಏನು ಬರುತ್ತಿದೆ ಅಂತ ಕಾಣುವುದು ಆ ಸೀಟಿನಿಂದ, ಅವಳೊಬ್ಬಳಿಗೇ.

ಅದಕ್ಕೆ ಕೇಳಿದೆ: "ಹೋಗ್ಲಾ?"

ಅವಳು ಕಿಟಕಿಯಿಂದ ಕತ್ತು ಹೊರಗೆ ಚಾಚಿದಳು. ಕಣ್ಣಿನ ನೀರನ್ನು ತೋಳಿಗೆ ಒರೆಸಿಕೊಂಡು, ಆ ಬಿಳಿ ರಸ್ತೆಯನ್ನು ತುದಿಯವರೆಗೆ ನೋಡಿದಳು.

"ಬೇಡ."